ಆಂಟೆನಾ ಬುಡದ ಚೀಟಿ ಒಮ್ಮೆ ನೋಡಿ

ನಮಸ್ಕಾರ.

ನಮ್ಮ ಸಂಘದಿಂದ ನೀರಿನ ಟ್ಯಾಂಕಿನ ಸೆನ್ಸರ್ ಅಥವಾ ತೋಟದ ತೇವ ಅಳೆಯುವ ಸೆನ್ಸರ್ ತೆಗೆದುಕೊಂಡವರು ದಯವಿಟ್ಟು ಅದರ ಆಂಟೆನಾ ನೋಡಿ. ಬುಡದಲ್ಲಿ ಸಣ್ಣ ಬಿಳಿ ಚೀಟಿ ಇರುತ್ತದೆ. 865 ಅಂತಿದ್ದರೆ ಪಾಸ್‌ವರ್ಡ್ ವಿಷಯ ಮಾತ್ರ ಓದಿದರೆ ಸಾಕು. 915 ಅಂತಿದ್ದರೆ ಪೂರ್ತಿ ಓದಿ. ಆ ಪೆಟ್ಟಿಗೆ ನಮಗೆ ವಾಪಸ್ ಬೇಕು.

ಆಗಿದ್ದು ಇಷ್ಟು. ಕಳೆದ ಸಲ ನಮಗೆ ಬಂದ ರೇಡಿಯೋ ಮಾಡ್ಯೂಲ್‌ಗಳಲ್ಲಿ (ಪೆಟ್ಟಿಗೆಯೊಳಗೆ ಸಿಗ್ನಲ್ ಕಳಿಸುವ, ಹಿಡಿಯುವ ಭಾಗ) ಒಂದಷ್ಟು ಅಮೆರಿಕದ ಬ್ಯಾಂಡಿನವು. ಬ್ಯಾಂಡ್ ಅಂದರೆ ಸಿಗ್ನಲ್ ಓಡಲು ಗೊತ್ತುಮಾಡಿದ ಆವರ್ತನಗಳ ಪಟ್ಟಿ; ಅಮೆರಿಕದ್ದು 902ರಿಂದ 928 ಮೆಗಾಹರ್ಟ್ಸ್, ಚೀಟಿಯ 915 ಅದರ ಗುರುತು. ಹೊರಗಿನಿಂದ ನೋಡಿದರೆ 865ರದ್ದೂ 915ರದ್ದೂ ಒಂದೇ ಥರ. ಟೇಬಲ್ ಮೇಲಿಟ್ಟು ನೋಡಿದಾಗ ಚೆನ್ನಾಗಿಯೇ ಕೆಲಸ ಮಾಡಿದವು. ಸಿಗ್ನಲ್ ಬಂತಾ ಅಂತ ನೋಡಿದೆವು, ಯಾವ ಬ್ಯಾಂಡಿನಲ್ಲಿ ಬಂತು ಅಂತ ನೋಡಲಿಲ್ಲ. ಕಳಿಸಿದವರು ಚೀಟಿಯಲ್ಲಿ ಬರೆದೇ ಕಳಿಸಿದ್ದರು. ತಪ್ಪು ನಮ್ಮದೇ.

'ಕೆಲಸ ಮಾಡ್ತಾ ಇದೆಯಲ್ಲ, ಸುಮ್ನೆ ಬಿಡಬಾರದಾ?' ಅಂತ ಕೆಲವರು ಫೋನಿನಲ್ಲಿ ಕೇಳಿದರು. ಬಿಡುವ ಹಾಗಿಲ್ಲ. ನಮ್ಮ ದೇಶದಲ್ಲಿ 890ರಿಂದ 915 ಮೆಗಾಹರ್ಟ್ಸ್ ಮೊಬೈಲಿನಿಂದ ಟವರಿಗೆ ಸಿಗ್ನಲ್ ಹೋಗುವ ದಾರಿ. ದೂರದ ಒಂದು ಫೋನಿನ ಕ್ಷೀಣ ಸಿಗ್ನಲ್ಲಿಗೂ ಟವರ್ ಅಲ್ಲಿ ಕಿವಿಗೊಟ್ಟು ಕೂತಿರುತ್ತದೆ. ನಿಮ್ಮ ಸೆನ್ಸರ್ ಹದಿನೈದು ನಿಮಿಷಕ್ಕೊಮ್ಮೆ ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ, ನಿಜ. ಆದರೆ ಟವರ್ ಪಕ್ಕದ ತೋಟದಿಂದ ಆ ಮಾತು ಹೊರಟರೆ, ಕಿವಿ ಹತ್ತಿರ ಬಂದು ಕೂಗಿದ ಹಾಗೆ.

ಇನ್ನೊಂದು ಗೊಂದಲ ಜಾಸ್ತಿ ಜನರಿಗಿದೆ. 'ಇದಕ್ಕೆ ಲೈಸೆನ್ಸ್ ಬೇಡ ಅಂದಿದ್ರಲ್ಲ?' ಅಂದಿದ್ದೆವು, ಈಗಲೂ ಅನ್ನುತ್ತೇವೆ. ಆದರೆ ಲೈಸೆನ್ಸ್ ಬೇಡ ಅಂದರೆ ನಿಯಮ ಇಲ್ಲ ಅಂತಲ್ಲ. 1933ರ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಆಮೇಲೆ ಸರ್ಕಾರ ಒಂದೊಂದೇ ಬ್ಯಾಂಡಿಗೆ ವಿನಾಯಿತಿ ಕೊಡುತ್ತಾ ಬಂತು. ವೈಫೈ, ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್‌ಗೆ 2005ರಲ್ಲಿ ಸಿಕ್ಕಿತು. ನಮ್ಮ ಸೆನ್ಸರಿನ ಬ್ಯಾಂಡ್ 865ರಿಂದ 867ಕ್ಕೂ ಅದೇ ವರ್ಷ. 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿದರು. ವಿನಾಯಿತಿಗೆ ಬೇಲಿಯೂ ಇದೆ: ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್ ಮೀರಬಾರದು, ಸಿಗ್ನಲ್ಲಿನ ಅಗಲ 200 ಕಿಲೋಹರ್ಟ್ಸ್ ಮೀರಬಾರದು. ನಮ್ಮದು 125 ಕಿಲೋಹರ್ಟ್ಸ್, ಶಕ್ತಿ 1 ವ್ಯಾಟಿನ ಹತ್ತರಲ್ಲೊಂದು ಪಾಲು. ಆ ಲೆಕ್ಕದಲ್ಲಿ ಆರಾಮಾಗಿದ್ದೆವು, ಬೇಲಿ ಹಾರಿದ್ದು ಬ್ಯಾಂಡಿನಲ್ಲಿ.

ಸಾಫ್ಟ್‌ವೇರಿನಲ್ಲೇ 865 ಅಂತ ತಿದ್ದಬಹುದಲ್ವಾ? ಚಿಪ್ ಒಪ್ಪುತ್ತದೆ, ನಾವೂ ಮಾಡಿ ನೋಡಿದೆವು. ಆದರೆ ಆಂಟೆನಾ, ಅದರ ಹಿಂದಿನ ಸಣ್ಣ ಬಿಡಿಭಾಗಗಳು ಎಲ್ಲವನ್ನೂ 915ಕ್ಕೆ ಹೊಂದಿಸಿರುತ್ತಾರೆ. ತಿದ್ದಿದ ಮೇಲೆ ಸಿಗ್ನಲ್ ಅಷ್ಟು ದೂರ ಹೋಗಲಿಲ್ಲ. ಅದಕ್ಕೇ ಮಾಡ್ಯೂಲನ್ನೇ ಬದಲಾಯಿಸುತ್ತಿದ್ದೇವೆ. ಹೊಸದಕ್ಕೆ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ವಿಷಯ ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗದ ಇಟಿಎ ಅನುಮೋದನೆ ಇದೆ. ಅದು ಮಾಡೆಲ್‌ಗೆ ಆಗುವ ಅನುಮೋದನೆ. ನೀವು ಯಾವ ಕಚೇರಿಗೂ ಅಲೆಯಬೇಕಿಲ್ಲ.

ಸೆನ್ಸರ್ ಜೊತೆ ಮನೆಯಲ್ಲಿರುವ ರಿಸೀವರ್ ಪೆಟ್ಟಿಗೆಯನ್ನೂ ಕಳಿಸಿ. ಒಂದನ್ನೇ ಬದಲಾಯಿಸಿದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಕೊರಿಯರ್ ಖರ್ಚು ಎರಡೂ ಕಡೆಯದು ನಮ್ಮದೇ. ಮೋಟಾರ್ ಓಡಿಸಲು ಸೆನ್ಸರನ್ನೇ ನಂಬಿದವರು ಮೊದಲು ಫೋನ್ ಮಾಡಿ, ಬದಲಿ ಜೋಡಿ ಮುಂಚೆಯೇ ಕಳಿಸುತ್ತೇವೆ.

ಇನ್ನು ಪಾಸ್‌ವರ್ಡ್, ಇದು ಎಲ್ಲರಿಗೂ. ಇಷ್ಟು ದಿನ ಎಲ್ಲ ರಿಸೀವರ್‌ಗಳನ್ನೂ ಒಂದೇ ಪಾಸ್‌ವರ್ಡ್ ಹಾಕಿ ಕೊಡುತ್ತಿದ್ದೆವು. ನಮಗೆ ಅನುಕೂಲ ಅಂತ, ಅಷ್ಟೇ. ಒಬ್ಬರಿಗೆ ಗೊತ್ತಾದರೆ ಎಲ್ಲರ ಮನೆ ಬೀಗವೂ ತೆಗೆದ ಹಾಗೆ. ಮನೆಬಳಕೆಯ ಐಒಟಿ ಸಾಧನಗಳ (ಇಂಟರ್ನೆಟ್‌ಗೆ ಜೋಡಿಸುವ ಇಂಥ ಯಂತ್ರಗಳ) ಸುರಕ್ಷತೆಗೆ ದೂರಸಂಪರ್ಕ ಇಲಾಖೆಯ ತಾಂತ್ರಿಕ ವಿಭಾಗವಾದ ಟಿಇಸಿ 2021ರಲ್ಲಿ ಕೊಟ್ಟ ಮಾರ್ಗಸೂಚಿ ಮೊದಲು ಹೇಳುವುದೇ ಇದನ್ನು: ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಬೇಡ. ಇನ್ನು ಮುಂದೆ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ, ತಳದಲ್ಲಿ ಅಂಟಿಸಿರುತ್ತೇವೆ. ಹಳೆಯದು ಇರುವವರು ಸೆಟ್ಟಿಂಗ್ಸ್‌ಗೆ ಹೋಗಿ ಇವತ್ತೇ ಬದಲಾಯಿಸಿಕೊಳ್ಳಿ.

ಪ್ಯಾಕ್ ಮಾಡುವಾಗ ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಆಂಟೆನಾ ಬಿಚ್ಚಿ. ಆಂಟೆನಾ ಇಲ್ಲದೆ ಸಿಗ್ನಲ್ ಬಿಟ್ಟರೆ ರೇಡಿಯೋ ಹಾಳಾಗುವ ಸಾಧ್ಯತೆ ಇದೆ. ಹಳೆಯ ಮಾಡ್ಯೂಲನ್ನು ತೆಗೆದಿಟ್ಟು, ಪೆಟ್ಟಿಗೆ, ತಂತಿ, ಸೌರಫಲಕ ನಿಮ್ಮವೇ ವಾಪಸ್ ಕಳಿಸುತ್ತೇವೆ.

ಇಂತಿ,
ಸಂಘದ ರಿಪೇರಿ ವಿಭಾಗದವರು