ಭಾನುವಾರ ಆಫರ್ ಲೆಟರ್ ಓದೋಣ, ಬನ್ನಿ

ಎಲ್ಲರಿಗೂ ನಮಸ್ಕಾರ. ಐಟಿ ಕೆಲಸದ ಆಫರ್ ಬಂದಿರುವವರು ಭಾನುವಾರ ಬೆಳಿಗ್ಗೆ 10ಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಗೇಟ್ ಹತ್ತಿರ ಸಿಗಿ. ಸಹಿ ಹಾಕುವ ಮೊದಲೇ ಬನ್ನಿ, ಆಮೇಲೆ ಕೇಳಿ ಏನು ಪ್ರಯೋಜನ ಅಲ್ವಾ?

ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 3.6 ಲಕ್ಷ ಅಂದರೆ ತಿಂಗಳಿಗೆ 30 ಸಾವಿರ ಕೈಗೆ ಬರುತ್ತದೆ ಅಂದುಕೊಂಡು ಬೆಂಗಳೂರಿನಲ್ಲಿ ಪಿಜಿ ಬುಕ್ ಮಾಡಬೇಡಿ, ಅದರಲ್ಲಿ ಸಾಮಾನ್ಯವಾಗಿ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಕೆಲವು ವರ್ಷ ದುಡಿದು ಕೆಲಸ ಬಿಟ್ಟಾಗ ಸಿಗುವ ಮೊತ್ತ), ಕೆಲವು ಕಡೆ ವಿಮೆ, ಬೋನಸ್ ಕೂಡ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್ ಬೇರೆ ಕಡಿತ, ಸಾಮಾನ್ಯವಾಗಿ ಬೇಸಿಕ್ ಅಂದರೆ ಮೂಲ ವೇತನದ ಶೇ. 12. ಬಾಂಡ್ (ಕೆಲಸ ಬಿಡುವುದಿಲ್ಲ ಅನ್ನುವ ಒಪ್ಪಂದ) ಎಷ್ಟು ವರ್ಷ, ನೋಟಿಸ್ (ಬಿಡುವ ಮೊದಲು ತಿಳಿಸಬೇಕಾದ ಅವಧಿ) ಎಷ್ಟು ತಿಂಗಳು, ಇದನ್ನು ಸಂಬಳಕ್ಕಿಂತ ಮೊದಲು ನೋಡಿ.

ಲೆಟರ್ ಪ್ರಿಂಟ್ ತನ್ನಿ, ಹೆಸರು ಮುಚ್ಚಿದರೂ ಸರಿ. ಗುಂಪಿಗೆ ಫೋಟೊ ಹಾಕಬೇಡಿ. ಮಂಡ್ಯದಿಂದ ಬರುವವರು ತಡವಾದರೆ ತಿಳಿಸಿ, ಕಾಯುತ್ತೇವೆ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ.