ಬಲೂನಿಗೊಂದು ಪತ್ರ, ಅರ್ಧ ತುಂಬಿದ ಸೂಟ್‌ಕೇಸಿನ ಪಕ್ಕದಿಂದ

ಲೋ ಬಲೂನ್,

ಎಲ್ಲರೂ ಓದುವ ಕಡೆ ನಿನಗೆ ಪತ್ರ ಬರೆಯುವುದು ನನ್ನ ಹೊಸ ಉಪಾಯ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಕಳಿಸಿದರೆ ಒಂದು ಹೆಬ್ಬೆರಳು ಬರುತ್ತದೆ. ಇಲ್ಲಿ ಹಾಕಿದರೆ ನಾಲ್ಕು ಜನ ನಿನ್ನನ್ನು ಟ್ಯಾಗ್ ಮಾಡುತ್ತಾರೆ. ಆಗ ಓದದೆ ನಿನಗೆ ಗತಿಯಿಲ್ಲ.

ಐಸ್‌ಲ್ಯಾಂಡ್‌ಗೆ ಹೊರಟಿದ್ದೇನೆ ಮಾರಾಯ. ಅಕ್ಟೋಬರ್‌ನಲ್ಲಿ, ಒಂಬತ್ತು ದಿನ, ಒಬ್ಬನೇ. ನಿನ್ನನ್ನೂ ಕರೆದಿದ್ದೆ, ರಜೆ ಇಲ್ಲ ಅಂದೆ. ಇರಲಿ. ಸೂಟ್‌ಕೇಸ್ ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದೆ. ಮೂರು ದಿನದಿಂದ ಮಂಚ ಅದಕ್ಕೆ, ನೆಲ ನನಗೆ.

ದೇಶದ ಹೆಸರಲ್ಲೇ ಐಸ್ ಇದೆ ಅಂತ ಎಲ್ಲರೂ ನನಗೆ ಹಿಮದ ಬಟ್ಟೆ ತಗೊಂಡು ಹೋಗು ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ರಾಜಧಾನಿ ರೇಕ್ಯಾವಿಕ್‌ನ ಸರಾಸರಿ ನಾಲ್ಕೈದು ಡಿಗ್ರಿ, ಅಷ್ಟೇ. ತಲೆನೋವು ಇರುವುದು ಮಳೆ ಮತ್ತು ಗಾಳಿ ಒಟ್ಟಿಗೆ ಬರುವುದರಲ್ಲಿ. ಮಳೆ ಮೇಲಿಂದ ಬೀಳುವ ಬದಲು ಪಕ್ಕದಿಂದ ಬರುತ್ತದೆ. ಅಲ್ಲಿನ ಹವಾಮಾನ ಇಲಾಖೆ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹೇಳುತ್ತದೆ. 15 ಅಂತ ನೋಡಿ ‘ಇಷ್ಟೇನಾ’ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ, ಗಂಟೆಗೆ 54 ಕಿಲೋಮೀಟರ್! 4 ಡಿಗ್ರಿಯಲ್ಲಿ ಆ ಗಾಳಿಗೆ ಮುಖ ಕೊಟ್ಟರೆ ಸೊನ್ನೆಗಿಂತ 3 ಡಿಗ್ರಿ ಕೆಳಗೆ ಇದ್ದ ಹಾಗೆ ಅನ್ನಿಸುತ್ತದೆ. ಅದೂ ಒಣ ಚರ್ಮದ ಲೆಕ್ಕ. ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಬೇಕಂತೆ, ಇಲ್ಲದಿದ್ದರೆ ಗಾಳಿ ಅದನ್ನು ಹಿಂದಕ್ಕೆ ತಿರುಚಿಬಿಡುತ್ತದಂತೆ. ಛತ್ರಿ ಒಯ್ಯುತ್ತಿಲ್ಲ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಆಣೆ ಇಟ್ಟಿದ್ದೇನೆ.

ಐಸ್‌ಲ್ಯಾಂಡಿನವರ ಭಾಷೆಯಲ್ಲಿ ‘ಗ್ಲುಗ್ಗವೆದುರ್’ ಅಂತ ಒಂದು ಮಾತಿದೆ. ಕಿಟಕಿ ಹವಾಮಾನ ಅಂತ ಅರ್ಥ. ಒಳಗೆ ಕೂತು ನೋಡಿದರೆ ಚೆಂದ, ಹೊರಗೆ ಹೋದರೆ ಗೊತ್ತಾಗುತ್ತದೆ. ನಿನ್ನ ಹಳೆಯ ಹುಡುಗಿಯರ ಲಿಸ್ಟ್ ನೆನಪಾಯಿತು. (ನಿನ್ನ ಹೆಂಡತಿ ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆದೆ.)

ಈಗ ಜಾಕೆಟ್ ಕತೆ. ನನ್ನ ಹಳೇ ರೇನ್ ಜಾಕೆಟ್ ಹೊರಗಿನಿಂದ ಚೆನ್ನಾಗೇ ಇತ್ತು. ನೀರು ತಡೆಯುತ್ತದೋ ಇಲ್ಲವೋ ಅಂತ ನೋಡಬೇಕಿತ್ತು. ಮಳೆ ಬರಲಿಲ್ಲ. ರಾತ್ರಿ ಹತ್ತೂವರೆಗೆ ಜಾಕೆಟ್, ಬೂಟು ಎಲ್ಲಾ ಹಾಕಿಕೊಂಡು ಷವರ್ ಕೆಳಗೆ ನಿಂತೆ. ಹತ್ತು ನಿಮಿಷ, ತಣ್ಣೀರು. ಮೊದಲು ಪರವಾಗಿರಲಿಲ್ಲ. ಆಮೇಲೆ ಭುಜದ ಮೇಲೆ ಹನಿ ನಿಲ್ಲದೆ ಬಟ್ಟೆ ನೀರು ಕುಡಿಯತೊಡಗಿತು. ಹೊರಪದರದ ಮೇಲಿನ ಲೇಪ ಹೋಗಿದೆ ಅಂತ ಅರ್ಥ. ಒಳಗಿನ ಪೊರೆ ಗಟ್ಟಿ ಇದ್ದರೂ ಹೊರಬಟ್ಟೆ ನೆನೆದರೆ ಬೆವರು ಹೊರಗೆ ಹೋಗುವುದಿಲ್ಲ. ಮಳೆಯಿಂದ ತಪ್ಪಿಸಿಕೊಂಡು ನಮ್ಮ ಬೆವರಿನಲ್ಲೇ ನೆನೆಯುತ್ತೇವೆ. ಮಾಮೂಲಿ ಡಿಟರ್ಜೆಂಟ್ ಹಾಕಿ ಒಗೆದು ಒಗೆದು ಹಾಳು ಮಾಡಿದವನು ನಾನೇ. ಈಗ ಅದಕ್ಕೇ ಅಂತ ಇರುವ ಸೋಪಿನಲ್ಲಿ ಒಗೆದು, ಡ್ರೈಯರ್‌ನಲ್ಲಿ ಬಿಸಿ ಮಾಡಿದ್ದೇನೆ. ಬಿಸಿಗೆ ಆ ಲೇಪ ಸ್ವಲ್ಪ ಜೀವ ಪಡೆಯುತ್ತದೆ. ನಿನ್ನೆ ಇನ್ನೊಮ್ಮೆ ಷವರ್‌ನಲ್ಲಿ ನಿಂತೆ. ಪಾಸ್.

ರೇನ್ ಪ್ಯಾಂಟ್ ಮರೆಯಬಾರದು ಅಂತ ಅರ್ಥವಾಗಿದ್ದೂ ಅಲ್ಲೇ. ಮೊದಲ ಸಲ ಅದನ್ನು ಹಾಕದೆ ನಿಂತಿದ್ದೆ. ಜಾಕೆಟ್ ಮೇಲೆ ಬಿದ್ದ ನೀರೆಲ್ಲ ಸೀದಾ ತೊಡೆಗೆ ಇಳಿಯಿತು.

ಒಳಗೆ ತೆಳು ಉಣ್ಣೆ, ಎರಡು ಜೊತೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ನಾಲ್ಕು ದಿನ ಹಾಕಿದರೂ ನಾತ ಕಡಿಮೆ. ನಿನ್ನ ಜೊತೆ ರೂಮ್ ಹಂಚಿಕೊಂಡವನು ಹೇಳುತ್ತಿದ್ದೇನೆ, ಇದು ದೊಡ್ಡ ಮಾತು. ಮಧ್ಯಕ್ಕೆ ಫ್ಲೀಸ್. ಗರಿ ತುಂಬಿದ ದಪ್ಪ ಜಾಕೆಟ್ ತಗೊಂಡಿಲ್ಲ, ಗರಿ ನೆನೆದರೆ ಮುದ್ದೆಯಾಗುತ್ತದೆ. ಸ್ವೆಟರ್ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲೇ ಒಂದು ಲೋಪಪೇಸ ಕೊಳ್ಳುವ ಆಸೆ. ಕುತ್ತಿಗೆಯ ಸುತ್ತ ಚಿತ್ತಾರ ಇರುವ ಅವರ ಸ್ವೆಟರ್ ಅದು. ಅಲ್ಲಿನ ಕುರಿಗೆ ಎರಡು ಥರದ ಕೂದಲು. ಹೊರಗಿನ ಉದ್ದ ಕೂದಲಿನಿಂದ ನೀರು ಜಾರಿಹೋಗುತ್ತದೆ, ಒಳಗಿನ ಮೆತ್ತನೆಯದು ಬೆಚ್ಚಗಿಡುತ್ತದೆ. ಕುರಿಗೆ ಇರುವ ಬುದ್ಧಿ.

ಈಜುಡುಗೆಯನ್ನೂ ಇಟ್ಟಿದ್ದೇನೆ. ನಗು, ಪರವಾಗಿಲ್ಲ. ಊರೂರಲ್ಲೂ ನೆಲದ ಬಿಸಿಯಿಂದ ಕಾಯಿಸಿದ ನೀರಿನ ಕೊಳಗಳಿವೆ, ಮಳೆಯಲ್ಲೇ ಜನ ಕುತ್ತಿಗೆವರೆಗೆ ಮುಳುಗಿ ಹರಟೆ ಹೊಡೆಯುತ್ತಾರೆ. ಇಳಿಯುವ ಮೊದಲು ಎಲ್ಲರ ಜೊತೆ ಬಟ್ಟೆಯಿಲ್ಲದೆ ಸ್ನಾನ ಮಾಡಬೇಕು, ಅದು ನಿಯಮ. ಒಂಬತ್ತು ದಿನದ ಯೋಜನೆಯಲ್ಲಿ ನನಗೆ ನಿಜವಾಗಿ ಹೆದರಿಕೆ ಇರುವುದು ಇದೊಂದಕ್ಕೇ.

ಆಮೇಲೆ ಆ ಟೀ ಶರ್ಟ್. ಯಾವುದು ಅಂತ ಹೇಳಬೇಕಾ? ಸೆಲ್ಯಾಲಾಂಡ್ಸ್‌ಫಾಸ್ ಅಂತ ಒಂದು ಜಲಪಾತವಿದೆ, ಅದರ ಹಿಂದೆ ನಡೆದು ಹೋಗಬಹುದು. ಅಲ್ಲಿ ಅದನ್ನು ಹಾಕಿಕೊಂಡು ಫೋಟೊ ತೆಗೆದು ಗ್ರೂಪಿಗೆ ಹಾಕುವ ಪ್ಲಾನ್ ಇತ್ತು.

ಕಾಟನ್ ಬಟ್ಟೆ ಯಾಕೆ ಬೇಡ ಅಂತ ಓದುತ್ತಾ ಕೂತಿದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ನೆನೆದ ಕಾಟನ್ ಹಾಕಿಕೊಂಡಿರುವುದಕ್ಕಿಂತ ತೆಗೆದು ಒಣ ಬಟ್ಟೆ ಹಾಕುವುದು ಎಷ್ಟೋ ಮೇಲು. ಮೈ ಅಪಾಯದಷ್ಟು ತಣ್ಣಗಾಗಲು ಹವೆ ಸೊನ್ನೆಗಿಂತ ಕೆಳಗೆ ಹೋಗಬೇಕು ಅಂತಿಲ್ಲ. ಏಳೆಂಟು ಡಿಗ್ರಿ, ಮಳೆ, ಗಾಳಿ ಇಷ್ಟಿದ್ದರೆ ಸಾಕು. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ ಶುರು. ಮಾತು ತೊದಲುತ್ತದೆ. ಕಾಲು ಎಡವುತ್ತದೆ. ಬೆರಳಿಗೆ ಜಿಪ್ ಸಿಗುವುದಿಲ್ಲ. ಮನುಷ್ಯ ಕುಡಿದವನ ಹಾಗೆ ಕಾಣುತ್ತಾನೆ. ಇನ್ನೂ ಇಳಿದರೆ ನಡುಕ ನಿಂತುಹೋಗುತ್ತದೆ. ನಡುಕ ನಿಂತಿತು ಅಂತ ಸಮಾಧಾನ ಪಡಬೇಡಿ ಅಂತ ಬರೆದಿತ್ತು.

ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ.

‘ಈಗ ಚಳೀನೇ ಇಲ್ಲ ಕಣೋ.’

ಮಳೆಯಲ್ಲಿ ಬೆಟ್ಟ ಹತ್ತುವಾಗ ನೀನು ಹೇಳಿದ ಮಾತು, ಆರು ವರ್ಷದಿಂದ ಇದು ನಮ್ಮ ಗ್ರೂಪಿನ ದೊಡ್ಡ ಜೋಕು. ಟೀ ಶರ್ಟ್ ಮೇಲೆ ಹಾಕಿಸಿದ್ದೇವೆ. ನಿನ್ನ ಮದುವೆಯ ದಿನ ಆ ವಿಡಿಯೊವನ್ನು ದೊಡ್ಡ ಪರದೆಯ ಮೇಲೆ ಹಾಕಿದವನು ನಾನು. ನೀನು ಜೀನ್ಸ್, ಹೂಡಿ ಎಲ್ಲಾ ತೊಪ್ಪೆಯಾಗಿ, ಬಂಡೆಗೆ ಒರಗಿಕೊಂಡು ಜಿಪ್ ಜೊತೆ ಒದ್ದಾಡುತ್ತಾ, ನಾಲಿಗೆ ಹೊರಳದೆ ಅದನ್ನು ಹೇಳುತ್ತೀಯ. ಮದುವೆಗೆ ಬಂದವರೆಲ್ಲ ನಕ್ಕರು. ನೀನೂ ನಕ್ಕೆ.

ನಿನ್ನೆ ರಾತ್ರಿ ಅದನ್ನು ಮತ್ತೆ ನೋಡಿದೆ. ನಾಲ್ಕು ಸಲ. ನೀನು ನಡುಗುತ್ತಿಲ್ಲ. ನಿನ್ನ ಕೈಯಲ್ಲಿ ಗ್ಲೌಸ್ ಇಲ್ಲ. ನಾನು ಹೇಳುವ ಕತೆಯಲ್ಲಿ ನೀನು ಅದನ್ನು ಕಳೆದುಕೊಂಡ ಪೆದ್ದ. ನಿಜವಾಗಿ ಅದು ನನ್ನ ಕೈಯಲ್ಲಿತ್ತು. ನನ್ನದು ಕಾರಲ್ಲೇ ಮರೆತಿದ್ದೆ. ‘ನಂಗೆ ಬೆವರ್ತಿದೆ, ತಗೋ’ ಅಂತ ಅರ್ಧ ದಾರಿಯಲ್ಲೇ ಕೊಟ್ಟಿದ್ದೆ ನೀನು. ನಾನು ಈ ಭಾಗವನ್ನು ಯಾರಿಗೂ ಹೇಳಿಲ್ಲ. ನೀನೂ ಹೇಳಿಲ್ಲ, ಅದು ಇನ್ನೂ ಕಷ್ಟ.

ಇನ್ನೊಂದಿದೆ. ಆ ವಿಡಿಯೊದ ಕೊನೆಯ ಹನ್ನೊಂದು ಸೆಕೆಂಡ್‌ಗಳಲ್ಲಿ ನನ್ನ ನಗು ಕೇಳಿಸುವುದಿಲ್ಲ. ಅಷ್ಟರಲ್ಲಿ ನೋಡುವವರೇ ನಗುತ್ತಿರುತ್ತಾರೆ, ಹಾಗಾಗಿ ಯಾರೂ ಗಮನಿಸಿಲ್ಲ. ನನಗೆ ಗೊತ್ತು ಯಾಕೆ ಅಂತ. ಏನೋ ಸರಿಯಿಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು. ಫೋನ್ ಕೆಳಗಿಳಿಸಿದರೆ ನಾನೇ ಏನಾದರೂ ಮಾಡಬೇಕಾಗುತ್ತಿತ್ತು, ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಅದಕ್ಕೆ ಹಿಡಿದುಕೊಂಡೇ ನಿಂತಿದ್ದೆ. ಹೆದರಿದ್ದೆ ಕಣೋ.

ಆಗ ಇಳಿದು ಬರುತ್ತಿದ್ದ ಆ ಹೆಂಗಸು ನಿನ್ನ ಹೂಡಿ ಕಿತ್ತು ಬಿಸಾಕಿ, ತನ್ನ ಒಣ ಜಾಕೆಟ್ ಹಾಕಿ, ಫ್ಲಾಸ್ಕಿನಿಂದ ಸಿಹಿ ಬಿಸಿನೀರು ಕುಡಿಸಿದರು. ನನಗೆ ಬೈದರು. ನನ್ನ ಕತೆಯಲ್ಲಿ ಅವರು ಗಯ್ಯಾಳಿ, ಅವರ ದನಿಯನ್ನು ಅನುಕರಿಸಿ ನಾನು ಎಷ್ಟು ಚಪ್ಪಾಳೆ ಗಿಟ್ಟಿಸಿದ್ದೇನೆ ಅಂತ ನಿನಗೇ ಗೊತ್ತು. ಅವರ ಹೆಸರನ್ನೂ ಕೇಳಲಿಲ್ಲ. ಸಾಲದ್ದಕ್ಕೆ ರಾತ್ರಿ ರೂಮಿನಲ್ಲಿ ‘ಬೆಚ್ಚಗಾಗುತ್ತೆ’ ಅಂತ ನಿನಗೆ ರಮ್ ಕುಡಿಸಿದೆವು. ಇಂಥ ಹೊತ್ತಲ್ಲಿ ಮದ್ಯ ಕೊಡಲೇಬಾರದಂತೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗೆ ಉಳಿದಿರುವ ಬಿಸಿಯನ್ನೂ ಹೊರಗೆ ಬಿಡುತ್ತದೆ. ಒಂದೇ ದಿನದಲ್ಲಿ ನಿನ್ನನ್ನು ಎರಡು ಸಲ ಸಾಯಿಸಲು ನೋಡಿದ್ದೇನೆ, ಎರಡರಲ್ಲೂ ಫೇಲ್. ನನ್ನ ಕೆಲಸ ಯಾವಾಗಲೂ ಹೀಗೇ.

ನೀನು ರಜೆ ಇಲ್ಲ ಅಂದಿದ್ದು ನಿಜವಾಗಿ ರಜೆಯ ಕಾರಣಕ್ಕೇನಾ? ಉತ್ತರ ಬೇಡ. ಇಲ್ಲಂತೂ ಬೇಡ.

ವಿಡಿಯೊವನ್ನು ಗ್ರೂಪಿನಿಂದ ತೆಗೆಯೋಣ ಅಂದುಕೊಂಡೆ. ತೆಗೆದರೆ ಎಲ್ಲರೂ ಯಾಕೆ ಅಂತ ಕೇಳುತ್ತಾರೆ ಅಂತ ಸುಮ್ನಾದೆ. ಈಗ ನೋಡಿದರೆ ಊರಿಗೆಲ್ಲ ಹೇಳಿ ಕೂತಿದ್ದೇನೆ. ಪತ್ರ ಶುರು ಮಾಡಿದಾಗ ಸಾಕ್ಸ್ ಬಗ್ಗೆ ಬರೆಯಬೇಕು ಅಂತಿತ್ತು. ಸಾಕ್ಸ್ ಆರು ಜೊತೆ, ಎಲ್ಲಾ ಉಣ್ಣೆ. ಬೆನ್ನಿನ ಬ್ಯಾಗಿನ ಮಳೆ ಹೊದಿಕೆಯನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ ಅಂತ, ಬಟ್ಟೆಯನ್ನೆಲ್ಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ಒಳಗೇ ಇಡುತ್ತಿದ್ದೇನೆ. ಪವರ್ ಬ್ಯಾಂಕ್ ಕೈಚೀಲದಲ್ಲಿದೆ, ಚೆಕ್ ಇನ್ ಲಗೇಜಿನಲ್ಲಿ ಹಾಕುವ ಹಾಗಿಲ್ಲ. ಗ್ಲೌಸ್ ಮೂರು ಜೊತೆ. ಒಬ್ಬನಿಗೆ ಮೂರು ಯಾಕೆ ಅಂತ ಕೇಳಬೇಡ. ನಿನ್ನದೂ ನನ್ನ ಹತ್ತಿರವೇ ಇದೆ, ಎಡಗೈಯದ್ದು ಮಾತ್ರ. ಬಲಗೈಯದ್ದು ಏನಾಯಿತು ಅನ್ನುವುದಕ್ಕೆ ಇನ್ನೊಂದು ಪತ್ರ ಬೇಕಾಗುತ್ತದೆ, ಅಷ್ಟು ಮಾನ ನನ್ನಲ್ಲಿ ಉಳಿದಿಲ್ಲ.

ಟೀ ಶರ್ಟ್ ಒಯ್ಯುತ್ತಿಲ್ಲ. ಕಾಟನ್ ಅಲ್ವಾ, ಅದಕ್ಕೆ.

ನಿನ್ನ,
ಮೂರನೇ ಚಕ್ರ