ಕಣ್ಣಿಗೆ ಕಾಣದ ಮಾರ್ಪಾಡು, ಕೊಂಡವರ ತಲೆಗೆ

ಮಾನ್ಯ ಸಂಪಾದಕರೆ,

ಕರ್ಕಶ ಸದ್ದಿನ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಆ ಕ್ರಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಾಹನದ ಮಾರ್ಪಾಡು ಎಂದರೆ ಕಿವಿಗೆ ಕೇಳುವಂಥದ್ದು, ಕಣ್ಣಿಗೆ ಕಾಣುವಂಥದ್ದು ಮಾತ್ರ ಎಂಬ ಭಾವನೆ ಅದರಿಂದ ಬೇರೂರುತ್ತಿದೆ ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಟರ್ಬೊ ಎಂಜಿನ್ನಿನ ಕಾರುಗಳಲ್ಲಿ ಈಗ ನಡೆಯುತ್ತಿರುವ ದೊಡ್ಡ ಮಾರ್ಪಾಡಿಗೆ ಸ್ಪ್ಯಾನರ್ ಕೂಡ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಕೇಬಲ್ ಸಾಕು, ಎಂಜಿನ್ ನಡೆಸುವ ಗಣಕದ ತಂತ್ರಾಂಶವನ್ನೇ ತಿದ್ದಿ ಶಕ್ತಿ ಏರಿಸುತ್ತಾರೆ. ಅದರ ಪರಿಣಾಮವನ್ನು ಕೈಯಿಂದ ಹಣ ತೆತ್ತು ತಿಳಿದುಕೊಂಡವರಲ್ಲಿ ನಾನೂ ಒಬ್ಬ. ನಾನು ಮಾಡಿಸಿದವನಲ್ಲ, ಬೇರೊಬ್ಬರು ಮಾಡಿಸಿದ್ದನ್ನು ತಿಳಿಯದೆ ಕೊಂಡವನು.

ಎರಡು ವರ್ಷಗಳ ಹಿಂದೆ ಶಿವಮೊಗ್ಗದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ಕೊಂಡೆ. ಗೇರನ್ನು ಕೈಯಿಂದಲೇ ಬದಲಿಸುವ ಕಾರು. ಓಡಿದ್ದು 40 ಸಾವಿರ ಕಿಲೋಮೀಟರಿಗೂ ಕಡಿಮೆ. ಹಿಂದಿನ ಮಾಲೀಕರು ಒಬ್ಬರೇ. ಸರ್ವಿಸ್ ಪುಸ್ತಕದಲ್ಲಿ ಎಲ್ಲ ಮುದ್ರೆಗಳೂ ಇದ್ದವು. ತೀರ್ಥಹಳ್ಳಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿದ್ದುದನ್ನು ಕಂಡು, ಕಂಪನಿಯವರು ಹೇಳಿದ್ದಕ್ಕಿಂತ ಒಳ್ಳೆಯ ಎಂಜಿನ್ನೇ ನನ್ನ ಪಾಲಿಗೆ ಬಂದಿದೆ ಎಂದು ನೆಂಟರ ಮುಂದೆ ಹೇಳಿಕೊಂಡದ್ದೂ ಉಂಟು. ಆರೇಳು ತಿಂಗಳು ಕಳೆದ ಮೇಲೆ, ಏಪ್ರಿಲ್‌ನ ಒಂದು ಮಧ್ಯಾಹ್ನ, ಮಣಿಪಾಲದಿಂದ ಮನೆಯವರನ್ನು ಕರೆದುಕೊಂಡು ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ಅಲ್ಲಿನ 14 ತಿರುವುಗಳಲ್ಲಿ ಅರ್ಧವೂ ಮುಗಿದಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ಕಾರು ಮಾತ್ರ ಏರುವುದಿಲ್ಲ. ಒಳಗೆಲ್ಲ ಕ್ಲಚ್ ಸುಟ್ಟ ವಾಸನೆ. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಹೇಗೋ ಒಂದು ಅಗಲವಾದ ಜಾಗದಲ್ಲಿ ನಿಲ್ಲಿಸಿ, ಮುಕ್ಕಾಲು ಗಂಟೆ ಆರಲು ಬಿಟ್ಟು, ಎರಡನೇ ಗೇರಿನಲ್ಲಿ ಅಂಜುತ್ತಾ ಆಗುಂಬೆ ಮುಟ್ಟಿದೆವು.

ನಮ್ಮ ಊರಿನ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ನೋಡಿದಾಗ ಕ್ಲಚ್ ಪ್ಲೇಟು ಪೂರ್ತಿ ಸವೆದಿತ್ತು, ಫ್ಲೈವೀಲ್ ಮೇಲೆ ಶಾಖಕ್ಕೆ ನೀಲಿಗಟ್ಟಿದ ಕಲೆಗಳಿದ್ದವು. ಅವರಿಗೆ ಅನುಮಾನ ಬಂದದ್ದು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದ ಮೇಲೆ. "ಇದು ಕಂಪನಿ ಪ್ಲಗ್ ಅಲ್ಲ ಸಾರ್, ಒಂದು ನಂಬರ್ ಕೋಲ್ಡ್ ಇದೆ. ಸುಮ್ನೆ ಯಾರೂ ಹಾಕಲ್ಲ" ಎಂದರು. ಕೋಲ್ಡ್ ಎಂದರೆ ಶಾಖವನ್ನು ಬೇಗ ಹೊರಸಾಗಿಸುವ ಪ್ಲಗ್, ಶಕ್ತಿ ಏರಿಸಿದ ಎಂಜಿನ್ನಿಗೆ ಹಾಕುವಂಥದ್ದು. ಹೊಸ ಕ್ಲಚ್ ಕೂರಿಸಿದ ಮೇಲೆ ಸ್ಕ್ಯಾನರ್ ಚುಚ್ಚಿಕೊಂಡು ರಸ್ತೆಯಲ್ಲಿ ಓಡಿಸಿದಾಗ, ಎಂಜಿನ್ನಿಗೆ ತಳ್ಳಲ್ಪಡುತ್ತಿದ್ದ ಗಾಳಿಯ ಒತ್ತಡ ಇರಬೇಕಾದುದಕ್ಕಿಂತ ಎಷ್ಟೋ ಮೇಲಿತ್ತು. ಮಾರಿದವರಿಗೆ ಫೋನ್ ಮಾಡಿದೆ. ಅವರೇನೂ ಮುಚ್ಚಿಡಲಿಲ್ಲ, "ಸ್ಟೇಜ್ ಒನ್ ಅಷ್ಟೇ ಸಾರ್, ಅದರಿಂದ ಏನೂ ಆಗಲ್ಲ" ಎಂದರು. ಕಂಪನಿಯ ಮೂಲ ಫೈಲ್ ಎಲ್ಲಿದೆ ಎಂದು ಕೇಳಿದರೆ ಟ್ಯೂನ್ ಮಾಡಿದವರ ಹತ್ತಿರ ಇರಬೇಕು ಎಂಬ ಉತ್ತರ ಬಂತು. ಆ ಟ್ಯೂನ್ ಮಾಡಿದವರ ಫೋನ್ ಇವತ್ತಿಗೂ ಸಿಕ್ಕಿಲ್ಲ.

ಏನೂ ಆಗುವುದಿಲ್ಲ ಎಂಬ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊಗೆನಳಿಗೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಎಷ್ಟು ಗಾಳಿ, ಅದಕ್ಕೆ ಎಷ್ಟು ಪೆಟ್ರೋಲ್, ಕಿಡಿ ಯಾವ ಕ್ಷಣದಲ್ಲಿ ಎಂಬುದನ್ನೆಲ್ಲ ಈಗ ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಗಣಕ. ಅದರೊಳಗಿನ ಕೋಷ್ಟಕಗಳನ್ನು ತಿದ್ದಿ ಒತ್ತಡ ಏರಿಸುವುದಕ್ಕೆ ರೀಮ್ಯಾಪ್ ಅಥವಾ ಸ್ಟೇಜ್ ಒನ್ ಎನ್ನುತ್ತಾರೆ. ಅದರ ಜೊತೆಗೆ ಟರ್ಬೊದಿಂದ ಹೊಗೆ ಹೊರಸಾಗಿಸುವ ಡೌನ್‌ಪೈಪ್, ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಗಾಳಿ ಎಳೆಯುವ ಕೊಳವೆ ಇತ್ಯಾದಿ ಬದಲಾದರೆ ಸ್ಟೇಜ್ ಟೂ. ಟರ್ಬೊವನ್ನೇ ದೊಡ್ಡದು ಮಾಡಿದರೆ ಸ್ಟೇಜ್ ತ್ರೀ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಎಷ್ಟು ತಿದ್ದಿದರೂ ಸಿಗುವ ಲಾಭ ಅಲ್ಪ. ಟರ್ಬೊ ಇದ್ದರೆ ಒಂದು ಗಂಟೆಯ ಕೆಲಸದಲ್ಲಿ ಕಾರು ಬೇರೆಯೇ ಆಗಿಬಿಡುತ್ತದೆ, ಅದು ನಿಜ. ನಾನೇ ಅನುಭವಿಸಿ ಹಿಗ್ಗಿದವನಾದ್ದರಿಂದ ಅದನ್ನು ಅಲ್ಲಗಳೆಯಲಾರೆ.

ಕಂಪನಿಯವರೇ ಬೇಕೆಂದು ಶಕ್ತಿ ಬಿಗಿಹಿಡಿದಿದ್ದಾರೆ, ನಾವು ಅದನ್ನು ಬಿಡಿಸಿಕೊಡುತ್ತೇವೆ ಎಂಬುದು ಟ್ಯೂನರ್‌ಗಳ ವಾದ. ಬಿಗಿಹಿಡಿದಿರುವುದು ಸರಿಯೇ. ಆದರೆ ಆ ಮಿಗತೆ ಇರುವುದು ಕಳಪೆ ಪೆಟ್ರೋಲಿಗೆ, ಸಮಯಕ್ಕೆ ಸರಿಯಾಗಿ ಎಣ್ಣೆ ಬದಲಿಸದ ಮಾಲೀಕರಿಗೆ, ಐದು ಜನ ಕೂತು ಎಸಿ ಹಾಕಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಘಾಟಿ ಹತ್ತುವ ಹೊತ್ತಿಗೆ. ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ಬೇಕಾಗುತ್ತದೆಂದು ಕೆರೆಯಲ್ಲಿ ನಿಲ್ಲಿಸಿದ ನೀರನ್ನು ಮಾಗಿಯಲ್ಲೇ ತೂಬು ತೆಗೆದು ಹರಿಸಿಬಿಟ್ಟರೆ ಆಗ ನೀರು ಧಾರಾಳವಾಗಿಯೇ ಕಾಣುತ್ತದೆ. ಮಲೆನಾಡಿನ ರಸ್ತೆಗಳಲ್ಲಿ ತೊಂದರೆ ಕೊಡುವುದು ಎತ್ತರವಲ್ಲ, ನಮ್ಮ ಬೆಟ್ಟಗಳು ಹಿಮಾಲಯವಲ್ಲ. ತೊಂದರೆ ಕೊಡುವುದು ಶಾಖ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಇಂಟರ್‌ಕೂಲರಿಗೆ ರಾಚುವ ಗಾಳಿ ಆಗುಂಬೆಯಲ್ಲೋ ಹುಲಿಕಲ್‌ನಲ್ಲೋ ಇಪ್ಪತ್ತರ ವೇಗದಲ್ಲಿ ಹತ್ತುವಾಗ ಸಿಗುವುದಿಲ್ಲ. ಒಳಹೋಗುವ ಗಾಳಿ ಬಿಸಿಯಾದಷ್ಟೂ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಉರಿಯುವ ನಾಕಿಂಗ್ ಅಪಾಯ ಹೆಚ್ಚು. ಸಂವೇದಕ ಅದನ್ನು ಗ್ರಹಿಸಿ ಕಿಡಿಯನ್ನು ತಡಮಾಡಿ ಎಂಜಿನ್ ಕಾಯುತ್ತದೆ ಎಂಬುದೇನೋ ಹೌದು. ಆದರೆ ನಾಕಿಂಗನ್ನು ಹೆಚ್ಚು ತಡೆಯುವ ವಿದೇಶದ 98 ಆಕ್ಟೇನ್ ಪೆಟ್ರೋಲಿಗೆಂದು ಬರೆದ ಫೈಲನ್ನು ಹಾಗೆಯೇ ತಂದು ಇಲ್ಲಿನ ಕಾರಿಗೆ ತುಂಬಿದಾಗ ಆ ಕಾವಲುಗಾರನ ಮೇಲೆ ಎಷ್ಟು ಭಾರ ಹೊರಿಸಬೇಕು ಎಂಬುದಕ್ಕೂ ಮಿತಿಯಿದೆ.

ಎಂಜಿನ್ ತಡೆದರೂ ಅದರ ಹಿಂದಿರುವ ಕ್ಲಚ್, ಗೇರ್‌ಬಾಕ್ಸ್ ತಡೆಯಬೇಕಲ್ಲ. ಶಿವಮೊಗ್ಗದಲ್ಲೂ ಈಗ ಸಾಕಷ್ಟು ಕಾಣಸಿಗುವ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾಗಳ ಒಂದೂವರೆ ಲೀಟರ್ ಟಿಎಸ್‌ಐ ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಶಕ್ತಿ 150 ಪಿಎಸ್, ತಿರುಚುಬಲ 250 ನ್ಯೂಟನ್ ಮೀಟರ್. ಅದರೊಂದಿಗೆ ಬರುವ, ತಾನಾಗಿ ಗೇರ್ ಬದಲಿಸುವ ಏಳು ಗೇರಿನ ಡಿಕ್ಯೂ200 ಡಿಎಸ್‌ಜಿ ಗೇರ್‌ಬಾಕ್ಸಿನ ಕ್ಲಚ್‌ಗಳು ಎಣ್ಣೆಯಿಲ್ಲದ ಒಣ ಬಗೆಯವು, ಅದಕ್ಕೆ ತಯಾರಕರು ನಿಗದಿಪಡಿಸಿದ ಮಿತಿಯೂ 250 ನ್ಯೂಟನ್ ಮೀಟರೇ. ಅಂದರೆ ಕಾರ್ಖಾನೆಯಿಂದ ಹೊರಬೀಳುವಾಗಲೇ ಮಿತಿ ಮುಟ್ಟಿರುವ ಗೇರ್‌ಬಾಕ್ಸಿಗೆ, 300ರ ಆಚೆಗೆ ಒಯ್ಯುತ್ತೇವೆ ಎಂಬ ಸ್ಟೇಜ್ ಒನ್ ಜಾಹೀರಾತು ತೋರಿಸಿ ಹಣ ಕೇಳಲಾಗುತ್ತಿದೆ. 2017ರಲ್ಲಿ ನಮ್ಮ ದೇಶಕ್ಕೆ ಬಂದ 230 ಪಿಎಸ್ ಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಕಾರಿನ ಮಾತು ಬೇರೆ. ಅದರ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವ ಬಗೆಯವು, ತಾಳಿಕೊಳ್ಳುವ ಶಕ್ತಿಯೂ ಹೆಚ್ಚು. ಕಾರಿನಿಂದ ಕಾರಿಗೆ ಇರುವ ಇಂಥ ವ್ಯತ್ಯಾಸವನ್ನು ತಿಳಿಸಿ ಹೇಳುವವರು ಬಹಳ ಕಡಿಮೆ.

ಅಂಥವರು ಇಲ್ಲವೇ ಇಲ್ಲ ಎಂದರೆ ಅನ್ಯಾಯವಾದೀತು. ಮೊದಲು ಕಂಪ್ರೆಶನ್ ಪರೀಕ್ಷಿಸಿ, ಕ್ಲಚ್ ನೋಡಿ, ಮೂಲ ಫೈಲನ್ನು ಪ್ರತಿ ಮಾಡಿ ಮಾಲೀಕರ ಕೈಗೂ ಒಂದು ಕೊಟ್ಟು, ಡೈನೊ ರೋಲರ್ ಮೇಲೆ ಮೊದಲು ಮತ್ತು ನಂತರದ ಶಕ್ತಿಯನ್ನು ಅಳೆದು ಕಾಗದದಲ್ಲಿ ಬರೆದುಕೊಡುವವರು ಇದ್ದಾರೆ. ಇಂಥವರಲ್ಲಿ ಮಾಡಿಸಿ, ಎಣ್ಣೆಯನ್ನು ಅರ್ಧ ಅವಧಿಗೇ ಬದಲಿಸುತ್ತಾ ವರ್ಷಗಟ್ಟಲೆ ತೊಂದರೆಯಿಲ್ಲದೆ ಓಡಿಸುತ್ತಿರುವ ಯುವಕರೂ ನನಗೆ ಗೊತ್ತು. ಅವರಿಗೆ ಎಂಜಿನ್ನಿನ ಬಗ್ಗೆ ಇರುವ ತಿಳಿವಳಿಕೆಯನ್ನು ಕಂಡರೆ ಗೌರವವೇ ಬರುತ್ತದೆ. ನನ್ನ ತಕರಾರು ಶಕ್ತಿ ಹೆಚ್ಚಿಸಿಕೊಳ್ಳುವ ಆಸೆಯ ಮೇಲಲ್ಲ. ಎಲ್ಲಿಯೂ ದಾಖಲಾಗದೆ ನಡೆಯುವ ಈ ಕೆಲಸ ಕಾರಿನೊಳಗೇ ಕೂತು, ಮಾಲೀಕರು ಬದಲಾದಾಗ ಮೌನವಾಗಿ ಕೈ ದಾಟುವುದರ ಮೇಲೆ.

ಕಾನೂನು ಇಲ್ಲವೆಂದಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ರೀಮ್ಯಾಪ್ ಆದ ಕಾರನ್ನು ತಡೆದು ನಿಲ್ಲಿಸಿದ ಅಧಿಕಾರಿಗೆ ಕಾಣುವುದೇನು? ಬಣ್ಣ, ಸಿಸಿ, ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ ಎಲ್ಲವೂ ಆರ್‌ಸಿಯಲ್ಲಿ ಇದ್ದಂತೆಯೇ ಇರುತ್ತವೆ. ಹೊಗೆ ತಪಾಸಣೆಯೂ ಇದನ್ನು ಹಿಡಿಯುವುದಿಲ್ಲ. ಏಕೆಂದರೆ ಪೆಟ್ರೋಲ್ ಕಾರಿನ ಆ ತಪಾಸಣೆ ನಡೆಯುವುದು ಕಾರು ನಿಂತಲ್ಲೇ ನಿಂತು ಎಂಜಿನ್ ಭಾರವಿಲ್ಲದೆ ಓಡುವಾಗ, ಆ ಹೊತ್ತಿನಲ್ಲಿ ಟರ್ಬೊ ಒತ್ತಡ ಏರುವುದೇ ಇಲ್ಲ. ತಂತ್ರಾಂಶ ಎಷ್ಟು ಚೆನ್ನಾಗಿ ಅಡಗಿಕೊಳ್ಳಬಲ್ಲದು ಎಂಬುದನ್ನು 2015ರ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣವೇ ಜಗತ್ತಿಗೆ ತೋರಿಸಿತ್ತು. ಅಲ್ಲಿ ತಯಾರಕರೇ ಮಾಡಿದ್ದರು, ಇಲ್ಲಿ ಮಾಲೀಕರು ಮಾಡಿಸುತ್ತಿದ್ದಾರೆ.

ಸೈಲೆನ್ಸರ್ ವಿಷಯಕ್ಕೇ ಬಂದರೂ ರೋಡ್ ರೋಲರ್ ಪೂರ್ತಿ ಪರಿಹಾರವಲ್ಲ. ಆಕ್ಸಿಲರೇಟರ್ ಬಿಟ್ಟಾಗಲೂ ಒಂದಿಷ್ಟು ಪೆಟ್ರೋಲ್ ಚಿಮ್ಮಿಸಿ, ಕಿಡಿಯನ್ನು ತಡಮಾಡಿ, ಅದು ಹೊಗೆನಳಿಗೆಯಲ್ಲಿ ಸಿಡಿಯುವಂತೆ ಮಾಡುವ ಪಾಪ್ಸ್ ಆ್ಯಂಡ್ ಬ್ಯಾಂಗ್ಸ್ ಎಂಬ ವಿಕಾರವನ್ನೂ ತಂತ್ರಾಂಶದಿಂದಲೇ ಸಾಧಿಸುತ್ತಾರೆ. ಪಟಾಕಿಯಂತೆ ಸದ್ದು ಬರುತ್ತದೆ. ಟರ್ಬೊ ಮತ್ತು ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎರಡಕ್ಕೂ ಅದು ಹಾನಿ. ಆ ಕನ್ವರ್ಟರಿನಲ್ಲಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳು. ಹಾಳಾದ ಮೇಲೆ ಹೊಸದು ಹಾಕಿಸುವುದಕ್ಕಿಂತ ಕಿತ್ತೆಸೆಯುವುದೇ ಅಗ್ಗವೆಂದು ಕಿತ್ತೆಸೆಯುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರವಿದೆ, ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ರಾತ್ರಿ ಹತ್ತರ ಮೇಲೆ ಆ ರಸ್ತೆಯಲ್ಲಿ ಇಂಥ ಕಾರುಗಳು ಸಿಡಿಯುತ್ತಾ ಸಾಗುವುದನ್ನು ರಸ್ತೆಯ ಪಕ್ಕದಲ್ಲಿ ಮನೆ ಇರುವ ನನ್ನಂಥವರು ಕೇಳುತ್ತಲೇ ಇದ್ದೇವೆ.

ಹಾಗಾದರೆ ಹಿಡಿಯುವುದು ಹೇಗೆ ಎಂಬುದಕ್ಕೆ ದಾರಿ ಕಾರಿನೊಳಗೇ ಇದೆ. ಸ್ಟೀರಿಂಗ್ ಕೆಳಗಿರುವ ಒಬಿಡಿ ಕಿಂಡಿಗೆ ಸ್ಕ್ಯಾನರ್ ಹಾಕಿದರೆ ಇಸಿಯುನಲ್ಲಿರುವ ತಂತ್ರಾಂಶದ ಗುರುತನ್ನೂ, ಅದರ ಒಳಗಿನ ಲೆಕ್ಕಾಚಾರದಿಂದ ಹುಟ್ಟುವ ಒಂದು ಪರಿಶೀಲನಾ ಸಂಖ್ಯೆಯನ್ನೂ ಓದಬಹುದು. ಕೋಷ್ಟಕಗಳನ್ನು ತಿದ್ದಿದರೆ ಆ ಸಂಖ್ಯೆ ಸಾಮಾನ್ಯವಾಗಿ ಬೇರೆಯಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2021ರ ಜುಲೈಯಿಂದ ಹೊಗೆ ತಪಾಸಣೆಯ ವೇಳೆಯಲ್ಲೇ ಈ ಸಂಖ್ಯೆಯನ್ನು ತಯಾರಕರ ಸಂಖ್ಯೆಯೊಂದಿಗೆ ತಾಳೆ ನೋಡುತ್ತಾರೆ. ಅನುಮತಿಯಿಲ್ಲದ ತಂತ್ರಾಂಶವಿದ್ದರೆ ಕಾರು ತಪಾಸಣೆಯಲ್ಲಿ ಅನುತ್ತೀರ್ಣ. ಫೋಕ್ಸ್‌ವ್ಯಾಗನ್ ಸಮೂಹ ತನ್ನ ವಾರಂಟಿಯ ಹಿತಕ್ಕಾಗಿ ಟ್ಯೂನ್ ಆದ ಕಾರುಗಳಿಗೆ ಟಿಡಿ1 ಎಂಬ ಗುರುತನ್ನು ತನ್ನ ದಾಖಲೆಯಲ್ಲಿ ಹಾಕಿಡುತ್ತದೆ. ಕಂಪನಿಗೆ ತನ್ನ ಹಣ ಕಾಪಾಡಿಕೊಳ್ಳಲು ಇಷ್ಟು ಸಾಧ್ಯವಿರುವಾಗ, ಸಾರಿಗೆ ಇಲಾಖೆಗೆ ಕೊಳ್ಳುವವರ ಹಣ ಕಾಪಾಡುವುದು ಅಸಾಧ್ಯವೇನಲ್ಲ.

ಆದ್ದರಿಂದ ನಮ್ಮ ಸಾರಿಗೆ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮಾಲೀಕತ್ವದ ವರ್ಗಾವಣೆಗೆ ನಾವು ಸಹಿ ಮಾಡುವ 29 ಮತ್ತು 30ನೇ ನಮೂನೆಗಳೊಂದಿಗೆ, ಇಸಿಯು ತಂತ್ರಾಂಶ ಮೂಲದ್ದೇ ಅಥವಾ ತಿದ್ದಿದ್ದೇ ಎಂಬ ಬಗ್ಗೆ ಮಾರುವವರ ಒಂದು ಘೋಷಣೆಯನ್ನೂ ಪಡೆಯುವಂತಾಗಲಿ, ಸುಳ್ಳೆಂದು ತಿಳಿದರೆ ಖರ್ಚು ಅವರ ಮೇಲೆ ಬೀಳಲಿ. ಈಗಿರುವಂತೆ, ವಿಮೆ ಕಂಪನಿಗೆ ತಿಳಿಸದ ಮಾರ್ಪಾಡಿನಿಂದಾಗಿ ಅಪಘಾತದ ಪರಿಹಾರ ತಿರಸ್ಕೃತವಾದರೆ ಪೆಟ್ಟು ತಿನ್ನುವವನು ಏನೂ ಅರಿಯದ ಎರಡನೇ ಮಾಲೀಕ. ಅಲ್ಲಿಯವರೆಗೆ ಟರ್ಬೊ ಕಾರು ಕೊಳ್ಳಲು ಹೊರಟವರು ಒಂದು ಕೆಲಸ ಮಾಡಬಹುದು: ಏರುರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ, ಎರಡು ಸಾವಿರ ಆರ್‌ಪಿಎಂ ಇರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ನೋಡಿ. ವೇಗಕ್ಕಿಂತ ಮೊದಲು ಮುಳ್ಳು ಹಾರಿದರೆ ಕ್ಲಚ್ ಜಾರುತ್ತಿದೆಯೆಂದೇ ಅರ್ಥ. ಕಡಿಮೆ ಓಡಿದ ಕಾರಾದರೆ ಅದೇಕೆ ಜಾರುತ್ತಿದೆ ಎಂದು ಆಮೇಲೆ ಕೇಳಿ.

ನನ್ನ ಕಾರಿಗೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮತ್ತೆ ಮೂಲ ತಂತ್ರಾಂಶ ಹಾಕಿಸಿದ್ದೇನೆ. ಲಾರಿ ಹಿಂದಿಕ್ಕುವಾಗ ಬೆನ್ನು ಈಗ ಸೀಟಿಗೆ ಅಂಟುವುದಿಲ್ಲ ಎಂಬುದನ್ನು ಸ್ವಲ್ಪ ಬೇಸರದಿಂದಲೇ ಹೇಳುತ್ತೇನೆ. ಕ್ಲಚ್ಚಿನ ಬಿಲ್ಲು, ಹಳೆಯ ಪ್ಲಗ್‌ಗಳು, ಯಾವಾಗ ಏನಾಯಿತೆಂದು ಬರೆದ ಒಂದು ಹಾಳೆ, ಇವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟು ಕಳೆದ ತಿಂಗಳು ಕಾರನ್ನು ಮಾರಾಟಕ್ಕೆ ಹಚ್ಚಿದೆ. ನೋಡಲು ಬಂದ ಮೊದಲಿಗರು ಹಾಳೆಯನ್ನು ಎರಡು ಸಲ ಓದಿ, ಮಡಿಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟು, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದರು. ಇನ್ನೂ ಫೋನ್ ಬಂದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ